ಮನೆಯಲ್ಲಿ ಬೆಣ್ಣೆಹಣ್ಣಿನ ಮಿಲ್ಕ್‌ಶೇಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗಾರಿನ ತಿಂಗಳುಗಳಲ್ಲಿ ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಕಾಫಿ ತೋಟಗಳಿಂದ ಬೆಣ್ಣೆಹಣ್ಣು ಬೆಂಗಳೂರು, ಮೈಸೂರಿನ ಮಾರುಕಟ್ಟೆಗಳಿಗೆ ಇಳಿಯತೊಡಗುತ್ತದೆ. ಹಣ್ಣು ಮನೆಗೆ ಬಂದ ಮೇಲೆ ಏಳುವ ಪ್ರಶ್ನೆಗಳು ಮಾತ್ರ ಪ್ರತಿ ವರ್ಷವೂ ಅವೇ: ಕಹಿಯಾಯಿತೇಕೆ, ನೀರಾಯಿತೇಕೆ, ಅಂಗಡಿಯಲ್ಲಿ ಸಿಗುವಂತೆ ಆಗಲಿಲ್ಲವೇಕೆ. ಈ ಪಾನೀಯದ ನುಣುಪು ಕೆನೆಯಿಂದಲೋ ಐಸ್‌ಕ್ರೀಮಿನಿಂದಲೋ ಬರುವುದಲ್ಲ, ಹದವಾಗಿ ಮಾಗಿದ ಹಣ್ಣಿನೊಳಗಿನ ಕೊಬ್ಬಿನಿಂದಲೇ ಬರುವುದು. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಮಿಕ್ಸಿಯ ವಿಚಾರಕ್ಕಿಂತ ಹಣ್ಣಿನ ವಿಚಾರವೇ ಹೆಚ್ಚಾಗಿದೆ.

ಬೆಣ್ಣೆಹಣ್ಣು, ಬಟರ್ ಫ್ರೂಟ್, ಅವಕಾಡೊ ಮೂರೂ ಒಂದೆಯೇ?

ಮೂರೂ ಒಂದೇ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಪರ್ಸಿಯಾ ಅಮೆರಿಕಾನಾ. ಮೂಲ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ; ದಾಲ್ಚಿನ್ನಿ ಮರ ಸೇರುವ ಕುಟುಂಬಕ್ಕೇ ಇದೂ ಸೇರುತ್ತದೆ. ಜ್ಯೂಸ್ ಅಂಗಡಿಯ ಫಲಕದಲ್ಲಿ ಇದು ಬಟರ್ ಫ್ರೂಟ್ ಆಗಿರುತ್ತದೆ, ಹವಾನಿಯಂತ್ರಿತ ಮಳಿಗೆಯ ಬುಟ್ಟಿಯಲ್ಲಿ ಅವಕಾಡೊ ಆಗುತ್ತದೆ, ಹೆಸರು ಬದಲಾದೊಡನೆ ಬೆಲೆಯೂ ಬದಲಾಗುತ್ತದೆ. ಆ ಬೆಲೆಯ ವ್ಯತ್ಯಾಸಕ್ಕೆ ಹೆಸರೊಂದೇ ಕಾರಣವಲ್ಲ, ತಳಿಯೂ ಕಾರಣ ಎಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು.

ನಮ್ಮ ಕಡೆಯ ಹಣ್ಣು ಒಳ್ಳೆಯದೋ, ಆಮದಾಗಿ ಬರುವ ಹಾಸ್ ಹಣ್ಣು ಒಳ್ಳೆಯದೋ?

ಕುಡಿಯುವುದಕ್ಕಾದರೆ ನನ್ನ ಮತ ನಮ್ಮ ಕಡೆಯ ಹಣ್ಣಿಗೇ. ಆದರೆ ಎರಡರ ಸ್ವಭಾವ ಬೇರೆ ಎಂಬುದನ್ನು ಅರಿಯದೆ ಅಳತೆ ಹಾಕಿದರೆ ಎರಡೂ ಕೆಡುತ್ತವೆ. ಹಾಸ್ ಎಂಬುದು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ, ಉಬ್ಬುತಗ್ಗಿನ ದಪ್ಪ ಸಿಪ್ಪೆಯ, ಮಾಗಿದಾಗ ಕಪ್ಪಾಗುವ ಹಣ್ಣು. ಅದರ ತಿರುಳಿನಲ್ಲಿ 100 ಗ್ರಾಮಿಗೆ ಸುಮಾರು 15 ಗ್ರಾಂ ಕೊಬ್ಬು ಇರುತ್ತದೆ. ನಮ್ಮ ತೋಟಗಳಲ್ಲಿ ಬೀಜದಿಂದ ಎದ್ದ ಮರಗಳ ಹಣ್ಣು ಸಾಮಾನ್ಯವಾಗಿ ದೊಡ್ಡದು, ಸಿಪ್ಪೆ ನುಣುಪು, ತಿರುಳಿನಲ್ಲಿ ನೀರಿನ ಪಸೆ ಹೆಚ್ಚು, ಕೊಬ್ಬು ಕಡಿಮೆ. ಬೀಜದ ಗಿಡಗಳಾದ್ದರಿಂದ ಒಂದು ಮರದ ಹಣ್ಣಿನಂತೆ ಪಕ್ಕದ ಮರದ್ದು ಇರುವುದಿಲ್ಲ. ಒಂದರದ್ದು ಬೆಣ್ಣೆಯೇ ಆದರೆ ಇನ್ನೊಂದರದ್ದು ಸೌತೆಕಾಯಿಯ ನೆಂಟ ಎನಿಸುವಷ್ಟು ಸಪ್ಪೆ. ಈ ಏರುಪೇರನ್ನು ತಪ್ಪಿಸಲೆಂದೇ ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವು ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ಎಂಬ ಆಯ್ದ ತಳಿಗಳನ್ನು ಹೊರತಂದಿದೆ.

ಇಂಟರ್ನೆಟ್ಟಿನಲ್ಲಿ ಸಿಗುವ ಅಳತೆಗಳು ಬಹುಪಾಲು ಹಾಸ್ ಹಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅಲ್ಲಿ ಒಂದು ಹಣ್ಣಿಗೆ ಇಷ್ಟು ಹಾಲು ಎಂದಿರುವುದನ್ನು ಹಾಗೆಯೇ ಅರ್ಧ ಕಿಲೋ ತೂಗುವ ಕೊಡಗಿನ ಹಣ್ಣಿಗೆ ಹಚ್ಚಿದರೆ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗುತ್ತದೆ. ಅದಕ್ಕೆ ಹೆದರಿ ಹಾಲು ಸುರಿದರೆ ಹಣ್ಣಿನ ರುಚಿಯೇ ಕಾಣದಾಗುತ್ತದೆ. ಹಣ್ಣುಗಳನ್ನು ಎಣಿಸುವ ಬದಲು ತಿರುಳನ್ನು ತೂಗುವುದೇ ಕ್ಷೇಮ.

ಹಣ್ಣು ಮಾಗಿದೆ ಎಂದು ತಿಳಿಯುವುದು ಹೇಗೆ?

ಬಣ್ಣವನ್ನು ನಂಬಬಾರದು. ಹಾಸ್ ಕಪ್ಪಾದರೆ ಮಾಗಿತೆಂದು ಹೇಳಬಹುದು. ನಮ್ಮ ಹಣ್ಣುಗಳಲ್ಲಿ ಕೆಲವು ಕೊನೆಯವರೆಗೂ ಹಸಿರಾಗಿಯೇ ಇರುತ್ತವೆ, ಕೆಲವು ನೇರಳೆಗೆ ತಿರುಗುತ್ತವೆ. ಹಣ್ಣನ್ನು ಅಂಗೈಯಲ್ಲಿಟ್ಟು ತೊಟ್ಟಿನ ಹತ್ತಿರ ಮೆಲ್ಲನೆ ಒತ್ತಿ ನೋಡಬೇಕು. ಒತ್ತಿದ ಜಾಗ ಸ್ವಲ್ಪ ಬಾಗಿ, ಕೈ ತೆಗೆದ ಮೇಲೆ ಗುಳಿ ಉಳಿಯದಿದ್ದರೆ ಅದು ಮಾರನೆಯ ದಿನಕ್ಕೆ ಸರಿ. ತೊಟ್ಟಿನ ಕಡೆಯಿಂದ ತಳದವರೆಗೆ ಒಂದೇ ಸಮನೆ ಮೆತ್ತಗಿದ್ದರೆ ಅಂದೇ ಮಾಡಬೇಕು. ಒತ್ತಿದಲ್ಲಿ ಸಿಪ್ಪೆ ಮಾತ್ರ ಕುಸಿದು, ಒಳಗೆ ಟೊಳ್ಳೆನಿಸಿದರೆ ಸಮಯ ಮೀರಿದೆ ಎಂದು ಅರ್ಥ.

ತೋಟದ ಕಡೆಯವರು ಹಣ್ಣನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದನ್ನು ನೋಡಿರಬಹುದು. ನೀರಿನಂಶ ಹೆಚ್ಚಿರುವ ಹಲವು ಹಣ್ಣುಗಳಲ್ಲಿ ಬಲಿತ ಮೇಲೆ ಬೀಜವು ತಿರುಳಿನಿಂದ ಬಿಡಿಸಿಕೊಂಡು ಗುಡುಗುಡು ಸದ್ದು ಮಾಡುತ್ತದೆ. ಈ ಸದ್ದು ಕಾಯಿ ಬಲಿತಿದೆ ಎಂಬುದಕ್ಕೆ ಸಾಕ್ಷಿಯೇ ಹೊರತು ಮಾಗಿದೆ ಎಂಬುದಕ್ಕಲ್ಲ. ಹಾಸ್ ಹಣ್ಣನ್ನು ಎಷ್ಟು ಅಲ್ಲಾಡಿಸಿದರೂ ಸದ್ದು ಬರುವುದು ಅಪರೂಪ. ಅಂಗಡಿಯವರೆದುರು ಅದನ್ನು ಕಿವಿಗೆ ಹಿಡಿಯುವ ಅಗತ್ಯವಿಲ್ಲ.

ಕಲ್ಲಿನಂತಹ ಕಾಯಿ ತಂದಿದ್ದೇನೆ. ಹಣ್ಣು ಮಾಡುವುದು ಹೇಗೆ?

ಬೆಣ್ಣೆಹಣ್ಣು ಮರದ ಮೇಲೆ ಬಲಿಯುತ್ತದೆ, ಮಾಗುವುದಿಲ್ಲ; ಕಿತ್ತ ಮೇಲೆಯೇ ಮಾಗುವುದು ಅದರ ಗುಣ. ಆದ್ದರಿಂದ ಕಾಯಿ ತಂದದ್ದು ತಪ್ಪಲ್ಲ, ಅಡೆ ಹಾಕುವ ತಾಳ್ಮೆ ಇರಬೇಕಷ್ಟೆ. ಹಳೆಯ ಮನೆಗಳಲ್ಲಿ ಮಾಡುತ್ತಿದ್ದಂತೆ ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡಬಹುದು. ಇಲ್ಲವೇ ಒಂದು ಮಾಗಿದ ಬಾಳೆಹಣ್ಣಿನ ಜೊತೆ ಕಾಗದದಲ್ಲಿ ಸುತ್ತಿ ಅಡುಗೆಮನೆಯ ಮೂಲೆಯಲ್ಲಿಡಬಹುದು. ಬಾಳೆಹಣ್ಣು ಎಥಿಲೀನ್ ಎಂಬ ಅನಿಲವನ್ನು ಬಿಡುತ್ತದೆ, ಮಾಗುವಿಕೆಯನ್ನು ಚುರುಕುಗೊಳಿಸುವುದು ಅದೇ. ಕಾಯಿಯ ಬಲಿತವನ್ನು ಅನುಸರಿಸಿ ಮೂರರಿಂದ ಏಳು ದಿನ ಬೇಕಾಗುತ್ತದೆ. ಮೂರನೆಯ ದಿನದಿಂದ ದಿನಕ್ಕೊಮ್ಮೆ ಒತ್ತಿ ನೋಡುತ್ತಿರಬೇಕು, ಏಕೆಂದರೆ ಇದರ ಹದ ಒಂದೆರಡು ದಿನ ಮಾತ್ರ ನಿಲ್ಲುತ್ತದೆ. ಕಾಯಿಯನ್ನು ನೇರವಾಗಿ ಫ್ರಿಜ್‌ನೊಳಗೆ ಇಟ್ಟರೆ ಚಳಿಗೆ ತಿರುಳು ಬೂದುಬಣ್ಣಕ್ಕೆ ತಿರುಗಿ ನಾರುನಾರಾಗುತ್ತದೆ, ಆಮೇಲೆ ಹೊರಗಿಟ್ಟರೂ ಸರಿಯಾಗಿ ಮಾಗುವುದಿಲ್ಲ. ಮಾಗಿದ ಹಣ್ಣನ್ನಾದರೆ ಎರಡು ಮೂರು ದಿನ ಫ್ರಿಜ್‌ನಲ್ಲಿ ಕಾಯ್ದಿಡಬಹುದು.

ಮೈಕ್ರೊವೇವ್‌ನಲ್ಲಿ ಮೆತ್ತಗೆ ಮಾಡುವ ಉಪಾಯ ಕೇಳಿದ್ದೇವೆ, ಅದು ಸರಿಯೇ?

ಮೆತ್ತಗಾಗುತ್ತದೆ, ಮಾಗುವುದಿಲ್ಲ. ಬಿಸಿ ತಾಗಿದ ತಿರುಳು ಕಹಿಯಾಗುವುದರಿಂದ ಪಾನೀಯಕ್ಕಂತೂ ಅದು ಬೇಡ.

ಸರಿಯಾದ ಅಳತೆ ಮತ್ತು ಮಾಡುವ ಕ್ರಮವನ್ನು ತಿಳಿಸುವಿರಾ?

ಎರಡು ದೊಡ್ಡ ಲೋಟಗಳಿಗೆ ಊರಿನ ಹಣ್ಣಿನ ತಿರುಳು 200 ಗ್ರಾಂ, ಕಾಯಿಸಿ ಆರಿಸಿ ಫ್ರಿಜ್‌ನಲ್ಲಿಟ್ಟು ಚೆನ್ನಾಗಿ ತಣಿಸಿದ ಹಾಲು 300 ಮಿಲಿಲೀಟರ್, ಸಕ್ಕರೆ ಎರಡು ದೊಡ್ಡ ಚಮಚ, ಎರಡು ಏಲಕ್ಕಿಯ ಪುಡಿ, ಒಂದು ಚಿಟಿಕೆ ಉಪ್ಪು, ನಾಲ್ಕೈದು ಐಸ್ ತುಂಡು. ಸುಮಾರು 300 ಗ್ರಾಂ ತೂಗುವ ಹಣ್ಣಿನಿಂದ ಇಷ್ಟು ತಿರುಳು ದೊರೆಯುತ್ತದೆ. ಹಾಸ್ ಆದರೆ 140 ಗ್ರಾಂ ತಿರುಳೇ ಇಷ್ಟು ಹಾಲಿಗೆ ಸಾಕು.

ಹಣ್ಣನ್ನು ಹಲಗೆಯ ಮೇಲಿಟ್ಟು ಉದ್ದಕ್ಕೆ ಚಾಕು ಇಳಿಸಿ, ಬೀಜ ತಾಗಿದೊಡನೆ ಅದರ ಸುತ್ತ ಹಣ್ಣನ್ನೇ ತಿರುಗಿಸಬೇಕು. ಆಮೇಲೆ ಎರಡು ಹೋಳುಗಳನ್ನು ಎದುರುಬದುರು ತಿರುಚಿದರೆ ಬಿಡಿಸಿಕೊಳ್ಳುತ್ತವೆ. ಬೀಜವನ್ನು ಚಮಚದಿಂದ ಎಬ್ಬಿಸಬೇಕು. ವೀಡಿಯೊಗಳಲ್ಲಿ ತೋರಿಸುವಂತೆ ಹೋಳನ್ನು ಅಂಗೈಯಲ್ಲಿ ಹಿಡಿದು ಬೀಜಕ್ಕೆ ಚಾಕುವಿನಿಂದ ಹೊಡೆದರೆ ಅದು ಜಾರಿ ಅಂಗೈಗೇ ಇಳಿಯಬಹುದು. ತಿರುಳನ್ನು ಬಗೆಯುವಾಗ ಒಮ್ಮೆ ಗಮನಿಸಿ ನೋಡಬೇಕು. ಬೀಜದ ಸುತ್ತ ಹಳದಿ, ಸಿಪ್ಪೆಯ ಕಡೆಗೆ ಹೋದಂತೆ ಎಳೆ ಹಸಿರು, ಚಮಚಕ್ಕೆ ಅಂಟಿಕೊಂಡು ಬರುವ ನುಣುಪು ಇದ್ದರೆ ಹಣ್ಣು ಸರಿಯಾಗಿದೆ. ಅಲ್ಲಲ್ಲಿ ಕಂದು ಗೆರೆಗಳಿದ್ದರೆ ಅಷ್ಟನ್ನು ಮಾತ್ರ ತೆಗೆದು ಉಳಿದದ್ದನ್ನು ಬಳಸಬಹುದು. ಬಾಯಿಗೆ ಒಂದಿಷ್ಟು ಹಾಕಿಕೊಂಡು ನೋಡುವುದನ್ನು ಮಾತ್ರ ಮರೆಯಬಾರದು, ಅದರ ಕಾರಣ ಮುಂದೆ ಬರುತ್ತದೆ.

ಮೊದಲು ಮಿಕ್ಸಿಯ ಜಾರಿಗೆ ತಿರುಳು, ಸಕ್ಕರೆ, ಏಲಕ್ಕಿ, ಉಪ್ಪು ಮತ್ತು ಮೂರನೆಯ ಒಂದು ಭಾಗ ಹಾಲನ್ನಷ್ಟೇ ಹಾಕಿ, ಚಟ್ನಿಗೆ ತಿರುಗಿಸುವಂತೆ ಬಿಟ್ಟು ಬಿಟ್ಟು ತಿರುಗಿಸಬೇಕು. ಆರಂಭದಲ್ಲೇ ಎಲ್ಲ ಹಾಲನ್ನೂ ಸುರಿದರೆ ತಿರುಳಿನ ಗಂಟುಗಳು ಹಾಲಿನಲ್ಲಿ ತೇಲುತ್ತಾ ಸುತ್ತುತ್ತವೆಯೇ ಹೊರತು ಅಲಗಿಗೆ ಸಿಗುವುದಿಲ್ಲ. ಜಾರಿನ ಗೋಡೆಗೆ ಹತ್ತಿದ್ದನ್ನು ಒಮ್ಮೆ ಕೆಳಗಿಳಿಸಿ, ನುಣ್ಣಗಾದ ಮೇಲೆ ಉಳಿದ ಹಾಲು ಮತ್ತು ಐಸನ್ನು ಹಾಕಿ ಹತ್ತು ಹದಿನೈದು ಸೆಕೆಂಡು ತಿರುಗಿಸಿದರೆ ಮುಗಿಯಿತು. ಅದಕ್ಕಿಂತ ಹೆಚ್ಚು ತಿರುಗಿಸಿದರೆ ಜಾರು ಬಿಸಿಯೇರುತ್ತದೆ, ಗಾಳಿ ಸೇರಿ ನೊರೆಯಾಗುತ್ತದೆ, ಬಣ್ಣವೂ ಬೇಗ ಮಂಕಾಗುತ್ತದೆ.

ಉಪ್ಪು ಏತಕ್ಕೆ?

ಹಣ್ಣಿನಲ್ಲಿ ಸಿಹಿಯೂ ಹುಳಿಯೂ ಅತ್ಯಲ್ಪವಾದ್ದರಿಂದ ಬರೀ ಸಕ್ಕರೆ ಹಾಕಿದ ಪಾನೀಯ ಮಂದವೆನಿಸುತ್ತದೆ. ಉಪ್ಪು ಕಾಣಿಸಿಕೊಳ್ಳದಷ್ಟು ಇದ್ದರೆ ಹಣ್ಣಿನ ಕಾಯಿಬೀಜದಂತಹ ಪರಿಮಳ ಎದ್ದು ಬರುತ್ತದೆ.

ಯಾವ ಹಾಲು ಸೂಕ್ತ?

ನಂದಿನಿಯ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಶೇಕಡಾ 3ರಷ್ಟು ಕೊಬ್ಬಿರುತ್ತದೆ, ಅಷ್ಟು ಧಾರಾಳವಾಗಿ ಸಾಕು. ಹಣ್ಣೇ ಕೊಬ್ಬನ್ನು ತರುವಾಗ ಗಟ್ಟಿ ಹಾಲಿನ ಮೇಲೆ ಕೆನೆಯನ್ನೂ ಸೇರಿಸಿದರೆ ನಾಲಗೆಗೆ ಜಿಡ್ಡು ಕಟ್ಟಿದಂತಾಗುತ್ತದೆ. ಕಾಯಿಸಿದ ಹಾಲನ್ನು ಕೆನೆ ತೆಗೆದು ಬಳಸಬೇಕು, ಇಲ್ಲವಾದರೆ ಕೆನೆಯ ಚೂರುಗಳು ಬಾಯಿಗೆ ಸಿಕ್ಕಿ ನುಣುಪು ಕೆಡುತ್ತದೆ. ಹಾಲು ಉಗುರುಬೆಚ್ಚಗೂ ಇರಬಾರದು.

ಜ್ಯೂಸ್ ಅಂಗಡಿಯವರದ್ದು ಅಷ್ಟು ಗಟ್ಟಿಯಾಗಿ, ಅಷ್ಟು ರುಚಿಯಾಗಿ ಹೇಗೆ ಬರುತ್ತದೆ?

ಹೆಚ್ಚಿನ ಕಡೆ ಮೂರು ಕಾರಣಗಳು ಸೇರಿರುತ್ತವೆ: ಹೆಪ್ಪುಗಟ್ಟಿಸಿದ ಹಾಲು, ಕೈ ಬಿಚ್ಚಿ ಹಾಕಿದ ಸಕ್ಕರೆ, ಕೆಲವೊಮ್ಮೆ ಒಂದು ಉಂಡೆ ವೆನಿಲಾ ಐಸ್‌ಕ್ರೀಮು. ಮೊದಲನೆಯದು ಮನೆಯಲ್ಲೂ ಅನುಸರಿಸತಕ್ಕದ್ದು. ಕಾಯಿಸಿ ಆರಿಸಿದ ಹಾಲನ್ನು ಐಸ್ ತಟ್ಟೆಯಲ್ಲಿ ಸುರಿದು ಗಟ್ಟಿಮಾಡಿಟ್ಟುಕೊಂಡು, ನೀರಿನ ಐಸಿನ ಬದಲು ಅದನ್ನೇ ಹಾಕಿದರೆ ಪಾನೀಯ ತೆಳುವಾಗುವ ಮಾತೇ ಇಲ್ಲ. ಸಾಧಾರಣ ಮಿಕ್ಸಿಗೆ ದೊಡ್ಡ ಗಡ್ಡೆಗಳನ್ನು ಹಾಕಿದರೆ ಅಲಗು ಸವೆಯುತ್ತದೆ, ಲಟ್ಟಣಿಗೆಯಿಂದ ಕುಟ್ಟಿ ಚೂರು ಮಾಡಿ ಹಾಕಬೇಕು. ಐಸ್‌ಕ್ರೀಮಿನ ಬಗ್ಗೆ ನನಗೆ ತಕರಾರಿದೆ. ವೆನಿಲಾದ ವಾಸನೆ ಬೆಣ್ಣೆಹಣ್ಣಿನ ಮೆಲು ಪರಿಮಳವನ್ನು ನುಂಗಿಹಾಕುತ್ತದೆ, ಕುಡಿದವರಿಗೆ ಐಸ್‌ಕ್ರೀಮು ಕರಗಿಸಿ ಕುಡಿದಂತೆ ಅನಿಸುತ್ತದೆ.

ಕುಡಿದರೆ ಕಹಿ ಬರುತ್ತದೆ. ಏನು ತಪ್ಪಾಗಿರಬಹುದು?

ಬಹುತೇಕ ಸಂದರ್ಭಗಳಲ್ಲಿ ಹಣ್ಣು ದೋರೆಗಾಯಿಯಾಗಿರುತ್ತದೆ. ಒಮ್ಮೆ ಭಾನುವಾರ ಮಧ್ಯಾಹ್ನ ನೆಂಟರು ಬರುವವರಿದ್ದರು. ಡಬ್ಬಿಯಲ್ಲಿದ್ದ ನಾಲ್ಕು ಹಣ್ಣುಗಳಲ್ಲಿ ಮೂರು ಮೆತ್ತಗಾಗಿದ್ದವು, ಒಂದು ಇನ್ನೂ ಬಿಗಿಯಾಗಿತ್ತು. ಮೂರರ ಜೊತೆ ಒಂದು ನಡೆದುಹೋಗುತ್ತದೆ ಎಂದುಕೊಂಡು, ಚಾಕುವಿಗೆ ಅದು ಕ್ಯಾರೆಟ್ಟಿನಂತೆ ಎದುರು ನಿಂತದ್ದನ್ನು ಕಂಡೂ ಕಾಣದಂತೆ ನಾಲ್ಕನ್ನೂ ಒಟ್ಟಿಗೆ ಅರೆದೆ. ಬಣ್ಣ ಬಹಳ ಚೆನ್ನಾಗಿ ಬಂದಿತ್ತು. ಮೊದಲ ಗುಟುಕು ಸಿಹಿ, ನುಂಗಿದ ಮೇಲೆ ನಾಲಗೆಯ ಬುಡದಲ್ಲಿ ಬೇವಿನ ನೆನಪು. ಸಕ್ಕರೆ ಸುರಿದೆ, ಜೇನು ಸುರಿದೆ, ಬಾಳೆಹಣ್ಣನ್ನೂ ಹಾಕಿದೆ. ಪಾತ್ರೆ ತುಂಬಿತೇ ಹೊರತು ಕಹಿ ಕಡಿಮೆಯಾಗಲಿಲ್ಲ. ಒಂದು ಕಾಯಿ ಮೂರು ಹಣ್ಣನ್ನೂ ಒಂದು ಲೀಟರ್ ಹಾಲನ್ನೂ ಕೆಡಿಸಬಲ್ಲದು, ಅದಕ್ಕೆ ಮದ್ದಿಲ್ಲ. ಅರೆಯುವ ಮೊದಲು ಪ್ರತಿ ಹಣ್ಣಿನಿಂದಲೂ ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಬೇಕೆಂದು ಹೇಳಿದ್ದು ಇದಕ್ಕೇ.

ಇನ್ನು ಎರಡು ಕಾರಣಗಳೆಂದರೆ ಬಿಸಿ ಮತ್ತು ಕಾಲ. ಬಿಸಿ ಹಾಲಿಗೆ ಹಾಕಿದರೆ, ಅಥವಾ ಅರೆದು ಗಂಟೆಗಟ್ಟಲೆ ಹೊರಗೆ ಇಟ್ಟರೆ, ಮಾಗಿದ ಹಣ್ಣೂ ಕಹಿಗೆ ತಿರುಗುತ್ತದೆ.

ಸಕ್ಕರೆಯ ಬದಲು ಬೆಲ್ಲ ಅಥವಾ ಖರ್ಜೂರ ಹಾಕಬಹುದೇ?

ಹಾಕಬಹುದು. ಖರ್ಜೂರವನ್ನು ಅರ್ಧ ಗಂಟೆ ಹಾಲಿನಲ್ಲಿ ನೆನೆಸಿ ಮೊದಲೇ ನುಣ್ಣಗೆ ಅರೆದುಕೊಳ್ಳಬೇಕು, ಬಣ್ಣ ಸ್ವಲ್ಪ ಕಂದಾಗುತ್ತದೆ. ಬೆಲ್ಲದಲ್ಲಿ ಮಲೆನಾಡಿನ ಜೋನಿ ಬೆಲ್ಲ ಬಹಳ ಸೊಗಸಾಗಿ ಹೊಂದುತ್ತದೆ. ಅಚ್ಚು ಬೆಲ್ಲವಾದರೆ ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ, ಪೂರ್ತಿ ತಣ್ಣಗಾದ ಮೇಲೆ ಕೊನೆಯಲ್ಲಿ ಬೆರೆಸಬೇಕು. ಬಿಸಿ ಪಾಕ ತಾಗಿದರೆ ಹಾಲು ಒಡೆಯುವ ಸಂಭವವಿದೆ. ಜೇನಿಗೂ ಅಭ್ಯಂತರವಿಲ್ಲ, ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನು ಯಾವ ರೂಪದಲ್ಲೂ ಕೊಡಬಾರದು.

ಕಪ್ಪಾಗದಂತೆ ನಿಂಬೆರಸ ಹಿಂಡಬಹುದೇ?

ಹೆಚ್ಚಿಟ್ಟ ತಿರುಳಿನ ಮೇಲೆ ನಾಲ್ಕು ಹನಿ ಸವರುವುದು ಸರಿ. ತಿರುಳಿನಲ್ಲಿರುವ ಒಂದು ಕಿಣ್ವಕ್ಕೆ ಗಾಳಿ ತಾಗಿದಾಗ ಕಂದು ಬಣ್ಣ ಹುಟ್ಟುತ್ತದೆ, ಹೆಚ್ಚಿಟ್ಟ ಸೇಬು ಮತ್ತು ಬದನೆಕಾಯಿಯಲ್ಲಿ ಆಗುವುದೂ ಇದೇ. ಹುಳಿ ಆ ಕಿಣ್ವದ ಓಟವನ್ನು ತಗ್ಗಿಸುತ್ತದೆ. ಆದರೆ ಹಾಲು ಬೆರೆಸಿದ ಜಾರಿಗೆ ನಿಂಬೆ ಹಿಂಡಿದರೆ ಹಾಲು ಒಡೆದು ತರಿತರಿಯಾಗುತ್ತದೆ. ಬೀಜವನ್ನು ಪಾತ್ರೆಯೊಳಗೆ ಇಟ್ಟರೆ ಕಪ್ಪಾಗುವುದಿಲ್ಲ ಎಂಬ ನಂಬಿಕೆಯೂ ಇದೆ; ಬೀಜ ಮುಚ್ಚಿದಷ್ಟು ಜಾಗಕ್ಕೆ ಗಾಳಿ ತಾಗುವುದಿಲ್ಲ, ಅಷ್ಟೇ ಅದರ ಮಹಿಮೆ.

ಮುಂಚಿತವಾಗಿ ಮಾಡಿಡಬಹುದೇ?

ಪಾನೀಯವನ್ನು ಮಾಡಿಡದೆ ತಿರುಳನ್ನು ಮಾಡಿಡುವುದು ಒಳ್ಳೆಯದು. ಮಾಗಿದ ತಿರುಳಿಗೆ ಸಕ್ಕರೆ ಮತ್ತು ಕೆಲವು ಹನಿ ನಿಂಬೆರಸ ಸೇರಿಸಿ ಮಸೆದು, 200 ಗ್ರಾಮಿನ ಪೊಟ್ಟಣಗಳಾಗಿ ಗಾಳಿ ಉಳಿಯದಂತೆ ಕಟ್ಟಿ ಫ್ರೀಜರ್‌ನಲ್ಲಿಟ್ಟರೆ ಎರಡು ಮೂರು ತಿಂಗಳು ಚೆನ್ನಾಗಿರುತ್ತದೆ. ಇಷ್ಟು ಅಲ್ಪ ಹುಳಿಯಿಂದ ತಣ್ಣನೆಯ ಹಾಲು ಒಡೆಯುವುದಿಲ್ಲ. ಹಣ್ಣಿನ ಕಾಲ ಮುಗಿದ ಮೇಲೂ ಕುಡಿಯುವ ಆಸೆ ಇರುವವರಿಗೆ ಇದೇ ದಾರಿ. ಹಾಲು ಬೆರೆಸಿದ್ದಾದರೆ ಫ್ರಿಜ್‌ನಲ್ಲಿಟ್ಟು ನಾಲ್ಕು ಗಂಟೆಯೊಳಗೆ ಮುಗಿಸುವುದು ಲೇಸು.

ಹಾಲು ಒಗ್ಗದವರು ಏನು ಮಾಡಬೇಕು?

ತೆಂಗಿನಕಾಯಿಯ ಎರಡನೆಯ ಹಾಲು ಬಳಸಬಹುದು. ಮೊದಲ ಹಾಲು ಇದಕ್ಕೆ ತೀರ ಗಟ್ಟಿ. ತೆಂಗಿನಹಾಲಿನ ಜೊತೆಗೆ ಬೆಲ್ಲ, ಏಲಕ್ಕಿ ಸೇರಿದರೆ ಮಿಲ್ಕ್‌ಶೇಕ್‌ಗಿಂತ ರಸಾಯನದ ರುಚಿಗೆ ಹತ್ತಿರವಾಗುತ್ತದೆ, ನಮ್ಮ ನಾಲಗೆಗೆ ಅದು ಪರಕೀಯವಲ್ಲ. ನೆನೆಸಿ ಸಿಪ್ಪೆ ಸುಲಿದ ಬಾದಾಮಿಯ ಹಾಲೂ ಆಗುತ್ತದೆ.

ಬೇರೆ ದೇಶಗಳಲ್ಲೂ ಇದನ್ನು ಕುಡಿಯುತ್ತಾರೆಯೇ?

ಸಿಹಿಯಾಗಿ ಕುಡಿಯುವುದು ನಮ್ಮಲ್ಲಿ ಮಾತ್ರ ಎಂದು ತಿಳಿದವರಿದ್ದಾರೆ, ಹಾಗೇನಿಲ್ಲ. ಇಂಡೊನೇಷ್ಯಾದಲ್ಲಿ ಲೋಟದ ಒಳಗೋಡೆಗೆ ಚಾಕೊಲೇಟ್ ಬೆರೆತ ಮಂದಗೊಳಿಸಿದ ಹಾಲನ್ನು ಹರಿಸಿ ಅದರ ಮೇಲೆ ಅರೆದ ಹಣ್ಣನ್ನು ಸುರಿಯುತ್ತಾರೆ. ವಿಯೆಟ್ನಾಮಿನಲ್ಲಿ ಮಂದಗೊಳಿಸಿದ ಹಾಲು ಮತ್ತು ಐಸ್ ಸೇರಿಸಿ ಅರೆಯುತ್ತಾರೆ. ಬ್ರೆಜಿಲಿನಲ್ಲಿ ಹಾಲು, ಸಕ್ಕರೆ ಸೇರಿಸಿದ ಇದೇ ಪಾನೀಯ ಬೆಳಗಿನ ತಿಂಡಿಯ ಭಾಗ. ಇಥಿಯೋಪಿಯಾದಲ್ಲಿ ಮಾವು, ಪಪ್ಪಾಯಿಯ ರಸಗಳೊಡನೆ ಪದರ ಪದರವಾಗಿ ಲೋಟಕ್ಕೆ ತುಂಬಿ ಚಮಚದಿಂದ ತಿನ್ನುತ್ತಾರೆ. ಇವುಗಳಲ್ಲಿ ಇಂಡೊನೇಷ್ಯಾದ ಕ್ರಮವನ್ನು ಮನೆಯಲ್ಲಿ ಪ್ರಯತ್ನಿಸಿ ನೋಡಬಹುದು, ಏಲಕ್ಕಿಯನ್ನು ಮಾತ್ರ ಆಗ ಬಿಡಬೇಕು.

ಹಾಲು ಮತ್ತು ಹಣ್ಣು ವಿರುದ್ಧ ಆಹಾರವಲ್ಲವೇ?

ಹುಳಿಹಣ್ಣು ಮತ್ತು ಹಾಲನ್ನು ಸೇರಿಸಬಾರದೆಂಬ ಆಯುರ್ವೇದದ ಮಾತು ಹಳೆಯದು. ಅಮೆರಿಕ ಖಂಡದಿಂದ ಬಂದ ಬೆಣ್ಣೆಹಣ್ಣಿನ ಪರಿಚಯ ಆ ಗ್ರಂಥಗಳನ್ನು ಬರೆದವರಿಗೆ ಇರಲು ಸಾಧ್ಯವಿರಲಿಲ್ಲ. ಇದರಲ್ಲಿ ಹುಳಿ ಇಲ್ಲದಿರುವುದರಿಂದ ಹಾಲು ಒಡೆಯುವುದಿಲ್ಲ ಎಂಬುದನ್ನು ಲೋಟದಲ್ಲೇ ನೋಡಬಹುದು. ಪಥ್ಯ ಅನುಸರಿಸುವವರು ತಮ್ಮ ವೈದ್ಯರನ್ನು ಕೇಳಿಕೊಳ್ಳಲಿ.

ಇದರಿಂದ ತೂಕ ಇಳಿಯುತ್ತದೆಯೇ? ಸಕ್ಕರೆ ಕಾಯಿಲೆಯವರು ಕುಡಿಯಬಹುದೇ?

ಹಣ್ಣಿನ ಗುಣವನ್ನು ಲೋಟಕ್ಕೆ ಆರೋಪಿಸುವುದು ಸಾಮಾನ್ಯ ತಪ್ಪು. ಹಾಸ್‌ನಂತಹ ಹಣ್ಣಿನ 100 ಗ್ರಾಂ ತಿರುಳಿನಲ್ಲಿ ಸುಮಾರು 160 ಕ್ಯಾಲರಿ, 7 ಗ್ರಾಂನಷ್ಟು ನಾರಿನಂಶ, 480 ಮಿಲಿಗ್ರಾಂ ಮೀರಿದ ಪೊಟ್ಯಾಸಿಯಂ ಇರುತ್ತವೆ. ಕೊಬ್ಬಿನ ಹೆಚ್ಚು ಪಾಲು ಆಲಿವ್ ಎಣ್ಣೆಯಲ್ಲಿರುವ ಓಲಿಕ್ ಆಮ್ಲ, ಸಕ್ಕರೆ ಒಂದು ಗ್ರಾಂ ಕೂಡ ಇಲ್ಲ. ಆದರೆ ಹಾಲು ಮತ್ತು ಸಕ್ಕರೆ ಸೇರಿದ ಒಂದು ದೊಡ್ಡ ಲೋಟ ಸುಮಾರು 300 ಕ್ಯಾಲರಿಗೆ ಬರುತ್ತದೆ, ಅಂದರೆ ಅದು ಊಟದ ಜೊತೆ ಕುಡಿಯುವ ಪಾನೀಯವಲ್ಲ, ಒಂದು ಹೊತ್ತಿನ ತಿಂಡಿಯೇ. ಸಕ್ಕರೆ ಕಾಯಿಲೆಯವರು ಸಿಹಿ ಹಾಕದೆ, ಉಪ್ಪು ಮತ್ತು ಹುರಿದ ಜೀರಿಗೆಯ ಪುಡಿ ಹಾಕಿ ಮಜ್ಜಿಗೆಯಲ್ಲಿ ಅರೆದುಕೊಂಡು ನೋಡಲಿ, ಸೊಗಸಾಗಿರುತ್ತದೆ. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಕಡಿಮೆ ಮಾಡಬೇಕಾದವರು ಮತ್ತು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನುಂಗುವವರು ವೈದ್ಯರ ಸಲಹೆಯಿಲ್ಲದೆ ಇದನ್ನು ದಿನನಿತ್ಯದ ರೂಢಿ ಮಾಡಿಕೊಳ್ಳಬಾರದು. ರಬ್ಬರ್ ಕೈಗವಸಿನಿಂದ ಅಲರ್ಜಿಯಾಗುವವರಿಗೆ ಈ ಹಣ್ಣೂ ಒಗ್ಗದಿರಬಹುದು.

ಉಳಿದ ಸಿಪ್ಪೆಯನ್ನು ದನಕ್ಕೆ ಹಾಕಬಹುದೇ?

ಬೇಡ. ಈ ಮರದ ಎಲೆ, ಸಿಪ್ಪೆ ಮತ್ತು ಬೀಜಗಳಲ್ಲಿ ಪರ್ಸಿನ್ ಎಂಬ ವಸ್ತುವಿದೆ. ಮನುಷ್ಯರಿಗೆ ಹಣ್ಣಿನಿಂದ ತೊಂದರೆಯಿಲ್ಲ, ಆದರೆ ದನ, ಮೇಕೆ, ಕುದುರೆಗಳಿಗೆ ಅದು ವಿಷಕಾರಿ. ಸಾಕುಪಕ್ಷಿಗಳಿಗಂತೂ ತಿರುಳನ್ನೂ ಕೊಡಬಾರದು. ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗಲಿ.

ಬೀಜ ನೆಟ್ಟರೆ ಗಿಡವಾಗುತ್ತದೆಯೇ?

ಸುಲಭವಾಗಿ ಆಗುತ್ತದೆ. ಚೂಪು ತುದಿ ಮೇಲಿರುವಂತೆ, ಅರ್ಧ ಬೀಜ ಹೊರಗೆ ಕಾಣುವಂತೆ ಮರಳು ಬೆರೆಸಿದ ಮಣ್ಣಿನಲ್ಲಿ ಊರಿ ತೇವ ಆರದಂತೆ ನೋಡಿಕೊಂಡರೆ ಒಂದೆರಡು ತಿಂಗಳಲ್ಲಿ ಬೀಜ ಎರಡಾಗಿ ಬಿರಿದು ಮೊಳಕೆ ಬರುತ್ತದೆ. ಆದರೆ ಬೀಜದ ಗಿಡ ಕಾಯಿ ಬಿಡಲು ಆರೇಳು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕಾಗುತ್ತದೆ, ಮತ್ತು ನೀವು ಮೆಚ್ಚಿ ಕುಡಿದ ಹಣ್ಣೇ ಅದರಲ್ಲಿ ಬರುತ್ತದೆ ಎನ್ನುವಂತಿಲ್ಲ. ಅದೇ ಹಣ್ಣು ಬೇಕೆಂದರೆ ಕಸಿ ಗಿಡವನ್ನೇ ತರಬೇಕು. ಬೀಜದ ಗಿಡವನ್ನು ಹೀಗಳೆಯುವ ಹಾಗೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅಂಚೆ ಹಂಚುವ ಕೆಲಸದಲ್ಲಿದ್ದ ರುಡಾಲ್ಫ್ ಹಾಸ್ ಎಂಬುವರು ನೆಟ್ಟ ಬೀಜಗಳಲ್ಲಿ ಒಂದಕ್ಕೆ ಕಸಿ ಹಿಡಿಯದೆ, ಕಡಿದುಹಾಕಬೇಕೆಂದುಕೊಂಡಿದ್ದ ಆ ಗಿಡ ಹಾಗೆಯೇ ಉಳಿಯಿತು. 1935ರಲ್ಲಿ ಅವರು ಅದಕ್ಕೆ ಪೇಟೆಂಟ್ ಪಡೆದರು. ಇಂದು ಆಮದಾಗಿ ಬರುವ ಹಾಸ್ ಹಣ್ಣುಗಳೆಲ್ಲ ಆ ಒಂದೇ ಮರದ ಕಸಿಯ ಸಂತತಿ.